ಮಾವನ ಗಾಡಿಗೆ ಒಗ್ಗದ ಪೆಟ್ರೋಲು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಈಗಲೂ ಬರುವುದಿಲ್ಲ, ಆಗಂತೂ ಕೇಳಲೇಬೇಡಿ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ನೀನು" ಎಂದು ಅಮ್ಮ ಸದಾ ಗೊಣಗುತ್ತಿದ್ದಳು. ಜಯನಗರದ ಒಂದು ವಿಮಾ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಗೆ ಅಂಟಿಕೊಂಡಿರುವ ಕೆಲಸ ನನ್ನದು. ಹನುಮಂತನಗರದ ಮನೆಗೆ ಬಂದರೆ ಮತ್ತೆ ಕೂರಬೇಕು. ಗಂಡಿನ ಕಡೆಯವರು ಯಾರಾದರೂ ಬಂದರೆ ತಲೆ ತಗ್ಗಿಸಿಕೊಂಡು ಕೂರಬೇಕು. ಥೂ, ಅದೇನು ಬದುಕೋ! ಆ ವರ್ಷಗಳಲ್ಲಿ ನನಗೆ ಹುಚ್ಚು ಹಿಡಿಯದಂತೆ ನೋಡಿಕೊಂಡದ್ದು ಭಾನುವಾರದ ಬೆಳಗು ಮತ್ತು ಮಾವನ ಕೆಂಪು ಗಾಡಿ.

ಮಾವ ಎಂದರೆ ಅಮ್ಮನ ತಮ್ಮ. ಜಪಾನಿನ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಇಂಜಿನಿಯರ್ ಆಗಿದ್ದವರು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಮರಳುವಾಗ, ಬೇರೆಯವರು ಟಿವಿ, ಫ್ರಿಡ್ಜ್ ತರುವ ಹಾಗೆ ಇವರು ಹಡಗಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬನಶಂಕರಿಯ ಅವರ ಬೀದಿಯ ಪ್ರತಿಯೊಂದು ಹಂಪ್ ಅನ್ನೂ ಅದು ಓರೆಯಾಗಿ, ಮಗ್ಗುಲಾಗಿ, ಹೊಸ ಸೊಸೆ ಹೊಸ್ತಿಲು ದಾಟುವ ಹಾಗೆ ದಾಟಬೇಕಿತ್ತು. ಮಂಡಿನೋವಿನ ಅತ್ತೆ ಅದರಲ್ಲಿ ಕೂತದ್ದು ಒಂದೇ ಸಲ. "ಕೂರೋದೇನೋ ಕೂರಬಹುದು, ಏಳ್ಸೋಕೆ ಕ್ರೇನ್ ತರಿಸ್ಬೇಕು" ಎಂದು ಕೈಮುಗಿದುಬಿಟ್ಟರು. ಹಾಗಾಗಿ ಎಡಗಡೆಯ ಸೀಟು ನನ್ನ ಪಾಲಿಗೆ ಬಂತು.

ಭಾನುವಾರ ಬೆಳ್ಳಂಬೆಳಿಗ್ಗೆ ಮಾವ ನಮ್ಮ ಮನೆಯ ಮುಂದೆ ಬಂದು ಹಾರ್ನ್ ಮಾಡುತ್ತಿದ್ದರು. ಮಾಡುತ್ತಿದ್ದರು ಎನ್ನುವುದು ಸುಳ್ಳು. ಅವರು ಬರುವ ಮೊದಲೇ ನಾನು ಗೇಟಿನ ಹೊರಗೆ ನಿಂತಿರುತ್ತಿದ್ದೆ. ಬನಶಂಕರಿ ದೇವಸ್ಥಾನ ದಾಟಿ ಕನಕಪುರ ರಸ್ತೆಗೆ ಬಿದ್ದರೆ ಆಗ ಊರು ಬೇಗ ಮುಗಿದುಹೋಗುತ್ತಿತ್ತು. ಅಲ್ಲಿ ಮಾವ ಕಾಲು ಒತ್ತಿದರೆ ನನ್ನ ಬೆನ್ನು ಸೀಟಿಗೆ ಅಂಟುತ್ತಿತ್ತು, ವಾರವಿಡೀ ಹೊತ್ತ ಕುರ್ಚಿ ಬೆನ್ನಿನಿಂದ ಕಳಚಿ ಬೀಳುತ್ತಿತ್ತು. ಒಂದು ಕಡೆ ಕಾಫಿ ಕುಡಿದು ವಾಪಸ್. ಮಾತು ಕಡಿಮೆ. ನಾನು ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದೆ, ಆದರೂ ಮಾವ ಸ್ಟಿಯರಿಂಗ್ ಕೊಡುತ್ತಿರಲಿಲ್ಲ. ಮಾವ, ಮೆಕ್ಯಾನಿಕ್ ಬಿಟ್ಟರೆ ಬೇರೆ ಯಾರೂ ಆ ಗಾಡಿಯ ಬಲಗಡೆ ಕೂತದ್ದಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಮಾವ ಒಂದು ಹೊಸ ರಾಗ ತೆಗೆದರು. "ಗಾಡಿ ಎಳೀತಿಲ್ಲ ಕಣೇ. ಪೆಟ್ರೋಲ್ ಸರಿ ಇಲ್ಲ." ಮೊದಲು ತಿಂಗಳಿಗೊಂದು ಸಲ, ಆಮೇಲೆ ಪ್ರತಿ ಭಾನುವಾರ. ಗಾಡಿ ನಲವತ್ತು ಕಿಲೋಮೀಟರ್ ವೇಗದ ಮೇಲೆ ಹೋಗುವುದೇ ನಿಂತಿತು. ಹಿಂದಿನಿಂದ ಆಟೋದವನು ಪೀಂ ಪೀಂ ಎಂದು ಹಾರ್ನ್ ಹೊಡೆದು, ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋಗುತ್ತಿದ್ದ. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ಮಾವ ತಣ್ಣಗೆ ಹೇಳಿಬಿಟ್ಟರು: "ಆಯುಧಪೂಜೆ ಒಳಗೆ ಸರಿಹೋಗ್ಲಿಲ್ಲ ಅಂದ್ರೆ ಮಾರಿಬಿಡ್ತೀನಿ. ಜೆ.ಪಿ. ನಗರದ ಬಿಲ್ಡರ್ ಒಬ್ರು ಕೇಳ್ತಾನೇ ಇದ್ದಾರೆ."

ಅತ್ತೆ ಸಾರು ಬಡಿಸುತ್ತಾ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ಮಾವ ತಲೆ ಎತ್ತಲಿಲ್ಲ. ಆ ಗಾಡಿ ಹೋದರೆ ನನ್ನ ಭಾನುವಾರ ಹೋಯಿತು, ಭಾನುವಾರ ಹೋದರೆ ನನಗೆ ಉಳಿಯುವುದು ಸೋಮವಾರ ಒಂದೇ. ಮಾರಲು ಬಿಡಬಾರದು, ಏನಾದರೂ ಸರಿ, ಎಂದು ಅಲ್ಲೇ ಹಟ ಹಿಡಿದೆ.

ಮೊದಲು ಆದದ್ದು ಬಂಕುಗಳ ಜೊತೆ ಜಗಳ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಾರೆ ಎನ್ನುವುದು ಆಗ ಎಲ್ಲರ ಬಾಯಲ್ಲೂ ಇದ್ದ ಮಾತು. ಬಂಕಿನಲ್ಲಿ ಕೇಳಿದರೆ ಒಂದು ಫಿಲ್ಟರ್ ಪೇಪರ್ ಕೊಡಬೇಕು, ಅದರ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ ಕಲೆ ಉಳಿಯದೆ ಆರಬೇಕು. ನಾನು ನನ್ನ ಸ್ಕೂಟರಿನಲ್ಲಿ ಜಯನಗರದಿಂದ ಬಿಟಿಎಂವರೆಗೆ ಬಂಕಿನಿಂದ ಬಂಕಿಗೆ ಹೋಗಿ "ಪೇಪರ್ ಕೊಡಿ" ಎಂದು ನಿಲ್ಲುತ್ತಿದ್ದೆ. "ಮೇಡಂ, ಅರ್ಧ ಲೀಟರ್ ಹಾಕ್ಸೋಕೆ ಇಷ್ಟು ರಾಮಾಯಣನಾ?" ಎಂದು ಒಬ್ಬ ಕೈ ಚೆಲ್ಲಿದ. "ರಾಮಾಯಣ ಅಲ್ಲ, ಮಹಾಭಾರತನೇ ಮಾಡ್ತೀನಿ, ಕೊಡ್ರಿ ಪೇಪರ್" ಎಂದೆ. ಹಿಂದೆ ಸಾಲು ನಿಂತವರು ಬೈದರು. ಎಲ್ಲಾ ಕಡೆ ಹನಿ ಕಲೆಯಿಲ್ಲದೆ ಆರಿತು. ನನ್ನ ಸಿಟ್ಟು ಮಾತ್ರ ಆರಲಿಲ್ಲ.

ಆಮೇಲೆ ಸಿಕ್ಕವನು ಬಿಟಿಎಂನಲ್ಲಿ ಬಾಡಿಗೆಗಿದ್ದ ಒಬ್ಬ ಮೆಕ್ಯಾನಿಕ್. ಧಾರವಾಡದ ಕಡೆಯವನು, ವಿದೇಶಿ ಕಾರುಗಳನ್ನು ನೋಡುವವನು. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಬಾಯಲ್ಲಿ ಬಿಡುವಿಲ್ಲದ ಮಾತು. ಮಾವನ ಮನೆಯ ಮುಂದೆ ಬಾನೆಟ್ ಎತ್ತಿ, ಒಂದು ವೈರು ಸಿಕ್ಕಿಸಿ, ಪರದೆ ನೋಡುತ್ತಾ ನನಗೆ ಪಾಠ ಶುರುಮಾಡಿದ.

"ನಿಮ್ಮ ಗಾಡಿ ಭಾಳ ಶಾಣ್ಯಾ ಐತ್ರಿ ಮೇಡಂ. ಇಂಜಿನ್ನಿಗೆ ಒಂದು ಕಿವಿ ಐತಿ. ಇಂಜಿನ್ನಿನಾಗ ಪೆಟ್ರೋಲ್ ಮತ್ತ ಗಾಳೀನ ಗಚ್ಚಾಗಿ ಒತ್ತತಾರ. ಹಂಗ ಒತ್ತಿದಾಗ ಹಲಕಾ ಪೆಟ್ರೋಲ್ ಆದ್ರ ತಾಳಂಗಿಲ್ಲ, ಕಿಡಿ ಬಿದ್ದ ಮ್ಯಾಲೆ ಮೂಲ್ಯಾಗ ತಾನಾ ಢಬ್ ಅಂತ ಸಿಡೀತೈತಿ. ಟಣ್ ಟಣ್ ಸಪ್ಪಳ ಬರತೈತಿ. ಆಕ್ಟೇನ್ ಜಾಸ್ತಿ ಅಂದ್ರ ಏನು? ತಾಳ್ಮಿ ಜಾಸ್ತಿ, ಅಷ್ಟಾ."

"ನನ್ನ ಹಾಗಲ್ಲ ಅಂತಾಯ್ತು" ಎಂದೆ.

"ನೀವಂತೂ ಕಡಿಮಿ ಆಕ್ಟೇನ್ ಬಿಡ್ರಿ" ಎಂದು ನಕ್ಕ, ಹಾಳಾದವನು. "ಆ ಕಿವಿಗೆ ಟಣ್ ಟಣ್ ಕೇಳಿದ ಕೂಡ್ಲೇ ಗಾಡೀ ಕಂಪ್ಯೂಟರ್ ಕಿಡೀನ ಸ್ವಲ್ಪ ತಡ ಮಾಡಿ ಹಚ್ಚತೈತಿ. ಇಂಜಿನ್ ಉಳೀತೈತಿ, ತಾಕತ್ತು ಹೋಗತೈತಿ. ಈ ಗಾಡಿ ಹುಟ್ಟಿದ್ದು ನೂರು ಆಕ್ಟೇನ್ ಕುಡಿಯಾಕ. ಇಲ್ಲಿ ಎಂಬತ್ತೆಂಟು ಕುಡಿಸೀರಿ. ಅದು ಹೆದರಿ ಹೆದರಿ ಓಡಾಕತ್ತೈತಿ."

ಈಗ ಯೋಚಿಸಿದರೆ ನನ್ನ ತಲೆಯಲ್ಲೇನು ಮಣ್ಣಿತ್ತೋ ಎನಿಸುತ್ತದೆ. ಗಾಡಿ ಬಂದ ಹೊಸದರಲ್ಲಿ ಒಳ್ಳೆಯ ಪೆಟ್ರೋಲು ಸಿಗುತ್ತಲೇ ಇರಲಿಲ್ಲ. ಸೀಸವಿಲ್ಲದ್ದು ಬೇಕೆಂದರೆ ಹುಡುಕಿಕೊಂಡು ಹೋಗಬೇಕಿತ್ತು. ಆಗ ಮಾವ ಗುಡುಗುಡು ಓಡಿಸುತ್ತಿದ್ದರು. ಈಗ ಎಲ್ಲಾ ಕಡೆ ಸೀಸವಿಲ್ಲದ ಪೆಟ್ರೋಲು, ತೊಂಬತ್ತೊಂದು ಆಕ್ಟೇನಿನ ಪ್ರೀಮಿಯಂ ಕೂಡ ಬಂದಿತ್ತು. ಪೆಟ್ರೋಲು ಸುಧಾರಿಸಿದಷ್ಟೂ ಮಾವನ ದೂರು ಹೆಚ್ಚಾಗಿತ್ತು. ಇದು ನನಗೆ ಹೊಳೆಯಲಿಲ್ಲ. ಹುಡುಕುವ ಅವಸರದಲ್ಲಿ ನನಗೆ ಯಾವುದೂ ಹೊಳೆಯುವುದಿಲ್ಲ.

ಪ್ರೀಮಿಯಂ ತುಂಬಿಸಿ ನೋಡೋಣ ಎಂದು ಮೆಕ್ಯಾನಿಕ್ ಹೇಳಿಹೋದ. ಇರುವ ಪೆಟ್ರೋಲು ಮುಗಿಯಲಿ ಎಂದು ಕಾಯುತ್ತಿದ್ದೆವು. ಅಷ್ಟರಲ್ಲಿ ಗಾಡಿ ಬನಶಂಕರಿ ದೇವಸ್ಥಾನದ ಮುಂದೆ, ಶುಕ್ರವಾರ, ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರ ಜಾತ್ರೆಯ ನಡುವೆ, ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟಿತು. ಮಾವ ಫೋನ್ ಮಾಡಿದರು. ನಾನು ಕಚೇರಿಯಿಂದ ಓಡಿದೆ. ಹತ್ತಿರ ಹೋದರೆ ಕಾರಿನ ಸುತ್ತ ಮದುವೆ ಸೀರೆಯ ಟ್ರಂಕು ತೆರೆದ ವಾಸನೆ! ಮೆಕ್ಯಾನಿಕ್ ಬಂದು ಪೆಟ್ರೋಲ್ ಫಿಲ್ಟರ್ ಬಿಚ್ಚಿದ. ಒಳಗೆಲ್ಲಾ ಬೆಳ್ಳಗೆ ಹರಳು.

"ನುಸಿಗುಳಿಗಿ ಹಾಕ್ಯಾರ್ರೀ ಯಾರೋ!" ಎಂದು ಅವನು ಹಣೆ ಚಚ್ಚಿಕೊಂಡ.

ನಮ್ಮ ಊರಿನ ಬೈಕ್ ಹುಡುಗರ ಹಳೆಯ ವೇದಾಂತ ಅದು. ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕು ಮಗಾ, ಗಾಡಿ ಸಖತ್ ಎತ್ಕೊಳ್ಳುತ್ತೆ ಎನ್ನುವರು. ಅದರಿಂದ ಆಕ್ಟೇನ್ ಸ್ವಲ್ಪ ಏರುತ್ತದಂತೆ. ಆದರೆ ತಳ ಕಂಡ ಟ್ಯಾಂಕಿಗೆ ಇಡೀ ಪೊಟ್ಟಣ ಸುರಿದರೆ ಕರಗುವುದೆಲ್ಲಿ? ಹಾಕಿದವರು ಬೇರೆ ಯಾರೂ ಅಲ್ಲ, ಮಾವ. "ಪಾರ್ಕಲ್ಲಿ ವಾಕಿಂಗ್ ಬರೋರು ಹೇಳಿದ್ರು" ಎಂದು ಗೊಣಗಿದರು. ಅತ್ತೆ ಮನೆಯಲ್ಲಿ ಟ್ರಂಕು ತೆಗೆದು ನೋಡಿ, "ಅಯ್ಯೋ ಶಿವನೇ, ನನ್ನ ಧಾರೆ ಸೀರೆ ನುಸಿ ತಿಂದ್ರೂ ಪರವಾಗಿಲ್ಲ, ಇವರ ಕಾರಿಗೆ ಮಾತ್ರ ನುಸಿ ಹಿಡೀಬಾರ್ದು" ಎಂದು ಬೀದಿಗೆ ಕೇಳುವಂತೆ ಹೇಳಿದರು. ನನಗೆ ನಗು ಬರಲಿಲ್ಲ. ಆಯುಧಪೂಜೆ ಹತ್ತಿರ ಬರುತ್ತಿತ್ತು. ಬಿಲ್ಡರ್ ಎರಡು ಸಲ ಫೋನ್ ಮಾಡಿದ್ದ.

ಗಾಡಿ ಗ್ಯಾರೇಜಿಗೆ ಹೋಯಿತು. ನಾನು ಕಚೇರಿಯಿಂದ ಸೀದಾ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದೆ. "ನೀವು ನಿಂತ್ರ ಕೆಲಸ ಲಗೂ ಆಗಂಗಿಲ್ರಿ, ಕೂಡ್ರಿ" ಎನ್ನುತ್ತಿದ್ದ ಅವನು. ಕೂರುವುದಂತೆ, ಕೂರುವುದು! ಟ್ಯಾಂಕು ಇಳಿಸಿ ತೊಳೆದ. ಫಿಲ್ಟರ್ ಬದಲಿಸಿದ. ಇಂಜೆಕ್ಟರುಗಳನ್ನು ಶುದ್ಧಮಾಡಿದ. ಪ್ರೀಮಿಯಂ ತುಂಬಿಸಿದೆವು. ಆಮೇಲೆ ಬ್ಯಾಟರಿಯ ವೈರು ಬಿಚ್ಚಿ ಸುಮ್ಮನೆ ಚಹಾ ಕುಡಿಯುತ್ತಾ ಕೂತ.

"ಇದೇನ್ರೀ, ಅರ್ಧಕ್ಕೆ ಬಿಟ್ರಲ್ಲ?"

"ಅದರ ಕಂಪ್ಯೂಟರಿನ ನೆನಪು ಅಳಿಸಾಕತ್ತೇನ್ರೀ. ಇಷ್ಟು ವರ್ಷ ಕೆಟ್ಟ ಪೆಟ್ರೋಲ್ ಕುಡಿದು ಕುಡಿದು ಅದು ಕಲ್ತಬಿಟ್ಟೈತಿ, ಹಿಂದ ಸರಿದು ನಿಂದ್ರೂದು. ಇವತ್ತು ಛಲೋದು ಹಾಕಿದ್ರೂ ಲಗೂನ ನಂಬಂಗಿಲ್ಲ. ಮರೀಬೇಕು ಅದು. ಮರೆತು ಹೊಸದಾಗಿ ಕಲೀಬೇಕು. ತೊಂಬತ್ತೊಂದಕ್ಕ ನೂರರ ತಾಕತ್ತು ಬರಂಗಿಲ್ಲ, ಆದ್ರ ನೀವು ಖುಷಿ ಆಗೂ ಅಷ್ಟು ಬರತೈತಿ."

ಸಂಜೆ ಬನ್ನೇರುಘಟ್ಟ ರಸ್ತೆಯಲ್ಲಿ ಅವನೇ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಮೊದಲು ನಿಧಾನ. ದಾರಿ ಖಾಲಿಯಾದಾಗ "ಹಿಡ್ಕೊಳ್ರಿ" ಎಂದು ಕಾಲು ಪೂರ್ತಿ ಒತ್ತಿದ. ಅಬ್ಬಾ! ಹೊಟ್ಟೆ ಹಿಂದೆ ಉಳಿದು ಮೈ ಮುಂದೆ ಹೋಯಿತು. ಟಣ್ ಟಣ್ ಇಲ್ಲ, ತಡವರಿಕೆ ಇಲ್ಲ. ನಾನು ಕಿರುಚಿದೆ, ಅಷ್ಟು ಸಂತೋಷವಾಗಿತ್ತು. ಗಾಡಿ ಉಳಿಯಿತು, ಭಾನುವಾರ ಉಳಿಯಿತು.

ಮಾವನಿಗೆ ಹೇಳಿದಾಗ ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವರು "ಹೌದಾ" ಎಂದರು. ಅಷ್ಟೇ. ಆಮೇಲೆ "ಪೂರ್ತಿ ಒತ್ತಿದ್ನಾ ಅವನು?" ಎಂದು ಕೇಳಿದರು. "ಪೂರ್ತಿ" ಎಂದೆ. ಮಾವ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು.

ಆಯುಧಪೂಜೆಯ ಹಿಂದಿನ ಭಾನುವಾರ ಹೊರಟೆವು. ರಸ್ತೆಯ ಬದಿಯಲ್ಲಿ ಬೂದುಗುಂಬಳ, ಬಾಳೆಕಂದು ಆಗಲೇ ರಾಶಿ ಬಿದ್ದಿದ್ದವು. ಕನಕಪುರ ರಸ್ತೆ ಬಂತು. ಮಾವ ನಲವತ್ತರ ವೇಗದಲ್ಲೇ ಇದ್ದರು. ಒತ್ತುತ್ತಾರೆ, ಈಗ ಒತ್ತುತ್ತಾರೆ ಎಂದು ನಾನು ಬೆರಳು ಮಡಚಿ ಕಾದೆ.

"ನೋಡು, ಎಳೀತಿಲ್ಲ" ಎಂದರು.

ನನ್ನ ಪಿತ್ತ ನೆತ್ತಿಗೇರಿತು. "ಏನ್ ಮಾವ ಎಳೀತಿಲ್ಲ? ಮೊನ್ನೆ ಹಾರ್ತು ಇದು!" ಎಂದು ಬಗ್ಗಿ ಅವರ ಕಾಲು ನೋಡಿದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತವಳು ಅವರ ಕಾಲನ್ನು ನೋಡಿದ್ದು ಅದೇ ಮೊದಲು. ಪಾದ ಪೆಡಲಿನ ಮೇಲೆ ಇತ್ತೋ ಇಲ್ಲವೋ ಎನ್ನುವಂತೆ ಇತ್ತು. ಸ್ವಲ್ಪ ಒತ್ತುವುದು, ತೆಗೆಯುವುದು. ಮುಂದೆ ದಾರಿ ಬರಿದಾಗಿತ್ತು. ಆದರೂ ತೆಗೆಯುವುದು.

ತಲೆ ಎತ್ತಿದಾಗ ಎಡಗಡೆಯ ಅಡ್ಡರಸ್ತೆಯಿಂದ ಬಾಳೆಕಂದು ಹೇರಿದ ತಳ್ಳುಗಾಡಿ ರಸ್ತೆಗಿಳಿಯುತ್ತಿತ್ತು. ತಳ್ಳುವವನು ಕೈ ಎತ್ತಿ ಕೂಗುತ್ತಿದ್ದ. ಮಾವ ಅತ್ತ ನೋಡಲೇ ಇಲ್ಲ, ನಿಧಾನಿಸಲೂ ಇಲ್ಲ. "ಮಾವಾ!" ಎಂದು ಚೀರಿದೆ. ಅವರು ಬ್ರೇಕ್ ತುಳಿದರು, ಗಾಡಿ ಓರೆಯಾಗಿ ನಿಂತಿತು. ಬಾಳೆ ಎಲೆ ನನ್ನ ಕಡೆಯ ಗಾಜನ್ನು ಸವರಿಕೊಂಡು ಹೋಯಿತು. ತಳ್ಳುಗಾಡಿಯವನು ನಮ್ಮ ವಂಶವನ್ನೆಲ್ಲಾ ನೆನೆದು ಬೈದು ಮುಂದೆ ಹೋದ.

ಯಾರಾದರೂ ಬೈಯುವ ಹಾಗೇ ನಾನೂ ಬೈದೆ. "ಕಣ್ಣು ಕಾಣಲ್ವಾ ನಿಮಗೆ?"

"ಇಲ್ಲ" ಎಂದರು ಮಾವ.

ಗಾಡಿಯನ್ನು ಬದಿಗೆ ತಂದು, ಇಂಜಿನ್ ಆರಿಸಿ, ಮುಂದಿನ ಗಾಜಿನತ್ತ ನೋಡುತ್ತಲೇ ಹೇಳಿದರು. ಎದುರಿಗಿರುವುದು ಕಾಣುತ್ತದಂತೆ, ಪಕ್ಕದ್ದು ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಕಣ್ಣಿನ ಒತ್ತಡ ಏರಿ ನರ ಒಣಗುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಅತ್ತೆಗೂ.

"ಮತ್ತೆ ಈ ಪೆಟ್ರೋಲು, ಆಕ್ಟೇನು, ಆ ನುಸಿಗುಳಿಗೆ..."

"ತಪ್ಪೆಲ್ಲಾ ಪೆಟ್ರೋಲ್ ಮೇಲೆ ಹಾಕಿದ್ರೆ ಗಾಡಿ ಮಾರ್ಬಹುದು, ಯಾರೂ ಯಾಕೆ ಅಂತ ಕೇಳಲ್ಲ ಅಂದ್ಕೊಂಡೆ. ನೀನು ಬಿಡ್ಲಿಲ್ಲ. ಆ ಹುಡುಗನ್ನ ಕರ್ಕೊಂಡು ಬಂದೆ. ಇನ್ನು ಸರಿಮಾಡ್ಬಿಡ್ತಾನಲ್ಲ ಅಂತ ಹೆದರಿ ಟ್ಯಾಂಕಿಗೆ ನಾನೇ ಬೇಕಂತ ಸುರಿದೆ. ಅದನ್ನೂ ತೊಳೆಸಿದೆ ನೀನು."

ಸಿಟ್ಟಿನಿಂದ ನನಗೆ ಅಳು ಬಂತು. "ಕಣ್ಣಿಲ್ಲದೆ ನನ್ನನ್ನ ಕೂರಿಸ್ಕೊಂಡು ಓಡಿಸ್ತಿದ್ರಲ್ಲ ಮಾವ, ಬುದ್ಧಿ ಇದೆಯಾ ನಿಮಗೆ? ಆ ತಳ್ಳುಗಾಡಿಯವನು ಸತ್ತುಹೋಗಿದ್ರೆ? ಬರಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಗೆ ಹೇಳ್ಲಿ? ಭಾನುವಾರ ಬೆಳಿಗ್ಗೆ ಗೇಟ್ ಹೊರಗೆ ನಿಂತಿರ್ತೀಯ. ಬರಲ್ಲ ಅಂದ್ರೆ ಇನ್ನೆಲ್ಲಿಗೆ ಹೋಗ್ತೀಯ ನೀನು?"

ಬಸ್ಸೊಂದು ಪಕ್ಕದಲ್ಲೇ ಧೂಳೆಬ್ಬಿಸಿ ಹೋಯಿತು. ಗಾಡಿ ಅಲುಗಿತು. ಮಾವ ಕೀಲಿ ತೆಗೆದು ನನ್ನ ಮಡಿಲಲ್ಲಿಟ್ಟರು. ಇಳಿದು, ಬಾನೆಟ್ಟಿನ ಮೇಲೆ ಕೈ ಊರಿಕೊಂಡು, ಸುತ್ತಿ ಬಂದು ನನ್ನ ಬಾಗಿಲು ತೆಗೆದರು.

ಆ ಸೀಟಿಗಾಗಿ ನಾನು ಎಷ್ಟು ಆಸೆಪಟ್ಟಿದ್ದೆ! ಕೂತೆ. ಸೀಟು ಮುಂದಕ್ಕೆ ಎಳೆದುಕೊಂಡೆ. ಗಾಡಿ ಒಂದು ಚೂರು ತಾಗಿದರೆ ಜಿಗಿಯಲು ಸಿದ್ಧವಾಗಿತ್ತು. ಮುಂದೆ ನೆಟ್ಟಗೆ ಖಾಲಿ ರಸ್ತೆ. "ಒತ್ತು" ಎಂದರು ಮಾವ, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ. "ಪೂರ್ತಿ ಒತ್ತೇ. ಒಂದ್ಸಲ ಕೇಳೋಣ." ಒತ್ತಲು ಹೋದೆ. ಕಾಲು ಬಗ್ಗಲಿಲ್ಲ. ಅಡ್ಡರಸ್ತೆ, ಮರದ ನೆರಳು, ನಾಯಿ, ಎಡಕ್ಕೂ ಬಲಕ್ಕೂ ಎಲ್ಲವೂ ನನಗೆ ಕಾಣುತ್ತಿತ್ತು, ಬೇಡವೆಂದರೂ ಕಾಣುತ್ತಿತ್ತು. ಅವತ್ತು ನಾನು ನಲವತ್ತರಲ್ಲೇ ಮನೆಗೆ ಬಂದೆ. ಮಾವ ಮತ್ತೆ ಕೇಳಲಿಲ್ಲ.

ಅತ್ತೆ ರಂಗೋಲಿ ಬಟ್ಟಲು ಹಿಡಿದು ಗೇಟಿನಲ್ಲಿ ನಿಂತಿದ್ದರು. ನಾನು ಬಲಗಡೆಯ ಬಾಗಿಲಿನಿಂದ ಇಳಿದೆ.

"ಏನಾಯ್ತು, ಸರಿಹೋಯ್ತಾ ಗಾಡಿ?"

ಒಳಗೆ ಮಾವ ಅಲುಗದೆ ಕೂತಿದ್ದರು. ನನ್ನ ಭಾನುವಾರಗಳೆಲ್ಲಾ ನನ್ನ ನಾಲಿಗೆಯ ತುದಿಯಲ್ಲಿದ್ದವು.

"ಇಲ್ಲ ಅತ್ತೆ" ಎಂದೆ. "ಇದಕ್ಕೆ ನಮ್ಮೂರ ಪೆಟ್ರೋಲ್ ಒಗ್ಗಲ್ಲ. ಮಾರಿಬಿಡೋದೇ ವಾಸಿ."

ಅತ್ತೆ ನನ್ನ ಮುಖ ನೋಡಿದರು, ನಾನು ಇಳಿದ ಬಾಗಿಲು ನೋಡಿದರು. ರಂಗೋಲಿ ಬಟ್ಟಲನ್ನು ಕಾಂಪೌಂಡಿನ ಮೇಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು, ಮಂಡಿ ಹಿಡಿದುಕೊಂಡು ನಿಧಾನವಾಗಿ ಗಾಡಿಯ ಆ ಕಡೆಗೆ ಹೋದರು. ಬಾಗಿಲು ತೆಗೆದು, ದಿನಾ ಹೇಳಿ ಅಭ್ಯಾಸವಾದವರ ಹಾಗೆ ಮೆಲ್ಲಗೆ, "ಎಡಕ್ಕೆ ಮೋರಿ ಕಲ್ಲಿದೆ, ನೋಡ್ಕೊಂಡು" ಎಂದು ತೋಳು ಚಾಚಿದರು.

ಮಾವ ಆ ತೋಳು ಹಿಡಿದು ಇಳಿದರು.